ಬಲಗಡೆಯ ಕೀಲು

ಲ್ಯಾಪ್‌ಟಾಪ್ ಕೊಳ್ಳಲು ಬಂದವರಿಗೆ ಈಗೀಗ ನಾನು ಮೊದಲು ಹೇಳುವ ಮಾತು ಒಂದೇ. ಪರದೆಯ ಹೊಳಪು ಆಮೇಲೆ ನೋಡಿ. ಮುಚ್ಚಳದ ಮೂಲೆಗೆ ಒಂದೇ ಬೆರಳು ಕೊಟ್ಟು ಎತ್ತಿ. ಮುಚ್ಚಳದ ಜೊತೆ ಕೆಳಗಿನ ಭಾಗವೂ ಮೇಲೆದ್ದು ಬಂದರೆ ಕೀಲು ಅತಿ ಬಿಗಿ ಎಂದು ಲೆಕ್ಕ. ಬಿಗಿ ಕೀಲನ್ನು ತೆಳ್ಳಗಿನ ಪ್ಲಾಸ್ಟಿಕ್ಕಿಗೆ ಕಚ್ಚಿಸಿದ್ದರೆ ಅದು ಒಂದಲ್ಲ ಒಂದು ದಿನ ಬುಡ ಸಮೇತ ಕಿತ್ತುಕೊಂಡು ಬರುವುದೇ. ಈ ಬುದ್ಧಿ ನನಗೆ ಒಂದು ಮಾಡೆಲ್ ಕಲಿಸಿತು. ಹೆಸರು ಬೇಡ. ಬೆಳ್ಳಿ ಬಣ್ಣ, ರೊಟ್ಟಿಯಷ್ಟು ತೆಳು, ಕೈಗೆ ಹಗುರ. ಒಂದು ಕಾಲಕ್ಕೆ ಅಂಗಡಿಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಅದರತ್ತ ಬೆರಳು ತೋರಿಸುತ್ತಿದ್ದರು. ನಾನೂ ಕಣ್ಣು ಮುಚ್ಚಿ ಮಾರಿದೆ.

ನನ್ನ ಅಂಗಡಿ ಅಹಮದಾಬಾದಿನ ಬಡಾವಣೆಯಾದ ಸ್ಯಾಟಲೈಟ್‌ನಲ್ಲಿ. ಮಾರಾಟ, ರಿಪೇರಿ ಎರಡೂ ಉಂಟು. ವಡೋದರಾಕ್ಕೂ ಸೂರತ್ತಿಗೂ ಮಾಲು ಹೋಗುತ್ತದೆ. ಒಂದು ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ವಡೋದರಾದ ಫತೇಗಂಜಿನಿಂದ ಫೋನ್ ಬಂತು. ಅಲ್ಲಿ ಯೂನಿವರ್ಸಿಟಿ ಹುಡುಗರಿಗೆ ದೋಸೆ ಹುಯ್ಯುವ ಪುಟ್ಟ ಹೋಟೆಲಿನ ಯಜಮಾನರು, ಕುಂದಾಪುರದ ಕಡೆಯವರು. ಅವರ ಮಗಳಿಗೆ ಆ ಬೆಳ್ಳಿ ಮಾಡೆಲ್ ಕೊಡಿಸಿದ್ದು ನಾನೇ.

"ಅಕ್ಕಾ, ಅದನ್ನು ಮುರಿದು ಹಾಕಿದ್ದಾಳೆ."

"ಬಿತ್ತಾ?"

"ಬೀಳಲಿಲ್ಲ ಅಂತಾಳೆ. ಆದ್ರೆ ಕಂಪನಿಯವರು ಬರೆದು ಕೊಟ್ಟಿದ್ದಾರಲ್ಲ, ಗಿರಾಕಿಯ ಕೈಯಿಂದ ಆದ ಹಾನಿ ಅಂತ. ಸೀಲ್ ಉಂಟು, ಸಹಿ ಉಂಟು. ಅಷ್ಟು ದೊಡ್ಡ ಕಂಪನಿ ಸುಳ್ಳು ಹೇಳ್ತದಾ, ಇವಳು ಹೇಳ್ತಾಳಾ?"

ಹುಡುಗಿ ಡಿಸೈನ್ ಓದುತ್ತಿದ್ದವಳು, ಕೊನೆಯ ವರ್ಷ. ಅಹಮದಾಬಾದಿನ ಒಂದು ಸಂಸ್ಥೆ ಅವಳನ್ನು ಕೆಲಸಕ್ಕೆ ಕರೆದಿತ್ತು. ಬರುತ್ತಾಳೋ ಇಲ್ಲವೋ ಎಂದು ತಿಂಗಳ ಕೊನೆಯೊಳಗೆ ಹೇಳಬೇಕಿತ್ತು. ಅಪ್ಪ ಅದಕ್ಕೂ ಕಲ್ಲು ಹಾಕಿದ್ದರು. "ಒಂದು ಯಂತ್ರ ಜೋಪಾನ ಮಾಡ್ಲಿಕ್ಕೆ ಆಗದವಳು ಪರವೂರಲ್ಲಿ ತನ್ನನ್ನು ಜೋಪಾನ ಮಾಡಿಕೊಳ್ತಾಳಾ? ಹೋಗುವುದು ಬೇಡ ಅಂತ ಹೇಳಿಬಿಟ್ಟೆ."

ಮರುದಿನವೇ ರೈಲು ಹತ್ತಿದೆ. ಗಿರಾಕಿ ಕಷ್ಟದಲ್ಲಿದ್ದಾಗ ಫೋನಿನಲ್ಲಿ ಸಮಾಧಾನ ಹೇಳಬಾರದು, ಮುಖ ತೋರಿಸಬೇಕು. ವ್ಯಾಪಾರ ಉಳಿಯುವುದು ಹಾಗೆ.

ಹೋಟೆಲಿನ ಮೂಲೆಯ ಮೇಜಿನ ಮೇಲೆ ಹುಡುಗಿ ಅದನ್ನು ಇಟ್ಟುಕೊಂಡು ಕೂತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಡೋದರಾ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಜಾರುತ್ತದೆ. "ಆಂಟಿ, ನಾನು ಗಿರಾಯಾ ನಹೀ. ಸುಮ್ನೆ ಓಪನ್ ಮಾಡಿದೆ. ಟಕ್ ಅಂತ ಹೇಳ್ತು. ಬಸ್."

ತಿರುಗಿಸಿ ನೋಡಿದೆ. ಬಲಗಡೆಯ ಕೀಲಿನ ಹತ್ತಿರ ಮೈ ಬಾಯಿ ಬಿಟ್ಟಿತ್ತು. ಬಿಡಿಸಿ ಹೇಳುತ್ತೇನೆ, ಕೇಳಿ. ಕೀಲು ಉಕ್ಕಿನದು. ಅದನ್ನು ಹಿಡಿದಿರುವುದು ಕಡಲೆಬೇಳೆಯಷ್ಟು ಗಾತ್ರದ ಹಿತ್ತಾಳೆ ನಟ್ಟುಗಳು. ಆ ನಟ್ಟುಗಳು ಕೂತಿರುವುದು ಬರೀ ಪ್ಲಾಸ್ಟಿಕ್ಕಿನಲ್ಲಿ. ಈ ಮಾಡೆಲಿನಲ್ಲಿ ಒಳಗಿನ ಫ್ಯಾನು ಬಿಸಿಗಾಳಿ ಊದುವ ಕಿಂಡಿಯೂ ಅಲ್ಲೇ, ಬಲಗಡೆಯ ಕೀಲಿನ ಬುಡದಲ್ಲೇ. ದಿನಾ ಕಾದು, ದಿನಾ ತಣಿದು ಪ್ಲಾಸ್ಟಿಕ್ ಹಪ್ಪಳವಾಗುತ್ತದೆ. ಮುಚ್ಚಳ ತೆರೆದಾಗಲೆಲ್ಲ ಕೀಲು ಅದನ್ನು ಜಗ್ಗುತ್ತದೆ. ಒಂದು ದಿನ ನಟ್ಟು ಪ್ಲಾಸ್ಟಿಕ್ಕಿನ ತುಂಡನ್ನು ಕಚ್ಚಿಕೊಂಡೇ ಈಚೆ ಬರುತ್ತದೆ. ಪರದೆಗೆ ಹೋಗುವ ತಂತಿಯೂ ಅಲ್ಲೇ ಹಾದಿರುವುದರಿಂದ ಅದೂ ನಜ್ಜಾಗಿ ಮೊದಲು ಗೆರೆ, ಆಮೇಲೆ ಕತ್ತಲೆ. ಹುಡುಗಿಯದು ಗೆರೆಯ ಹಂತದಲ್ಲಿತ್ತು.

ಇದು ನನಗೆ ಹೊಸದಲ್ಲ. ಬ್ಯಾಗಿನಿಂದ ಸ್ಕ್ರೂಡ್ರೈವರೂ ಎರಡು ಟ್ಯೂಬಿನ ಅಂಟೂ ತೆಗೆದೆ. ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವುದು ಇದನ್ನೇ. ನಟ್ಟನ್ನು ಜಾಗದಲ್ಲಿ ಕೂರಿಸಿ, ಅಂಟು ತುಂಬಿ, ಮೇಲೊಂದು ತಗಡಿನ ಪಟ್ಟಿ. ಗಿರಾಕಿ ಖುಷಿಯಿಂದ ಚಹಾ ಕುಡಿಸುತ್ತಾನೆ. ಪರಿಚಯದವರಿಗೆ ಎಷ್ಟೋ ಸಲ ಹಾಗೆ ಸುಮ್ಮನೆ ಮಾಡಿಕೊಟ್ಟಿದ್ದೇನೆ.

ಹುಡುಗಿ ಅಂಗೈಯನ್ನು ಯಂತ್ರದ ಮೇಲಿಟ್ಟಳು.

"ಆಂಟಿ, ನೀವು ಚಿಪ್ಕಾಯಿಸಿದ್ರೆ ಮತ್ತೆ ಯಾರಿಗೆ ತೋರಿಸೋದು? ಪಪ್ಪ ಹೇಳಿದ್ದೇ ಸರಿ ಆಗ್ತದೆ."

ಟ್ಯೂಬು ಕೈಯಲ್ಲೇ ಉಳಿಯಿತು. ನಾನು ಅಂಟು ಹಚ್ಚಿದ ಒಂದು ಯಂತ್ರವೂ ಕಂಪನಿಯ ದೂರಿನ ಲೆಕ್ಕಕ್ಕೆ ಸೇರಿರಲಿಲ್ಲ. ನನ್ನಂಥವರು ಊರೂರಿನಲ್ಲಿ ಕೂತು ಅಂಟು ಹಚ್ಚಿ ಹಚ್ಚಿ, ಇಂಥದ್ದೊಂದು ರೋಗ ಉಂಟೆಂದೇ ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೆವು. ಆ ಕ್ಷಣಕ್ಕೆ ತೀರ್ಮಾನಿಸಿದೆ: ಈ ಮಾಡೆಲಿಗೆ ಇನ್ನು ಅಂಟು ಇಲ್ಲ. ಮುರಿದದ್ದು ಮುರಿದ ಹಾಗೇ ಇರಲಿ.

ಕಾವಲಿಯ ಹತ್ತಿರ ಹೋಗಿ ಅಪ್ಪನ ಜೊತೆ ಚೌಕಾಸಿಗೆ ನಿಂತೆ. "ತಿಂಗಳ ಕೊನೆಯವರೆಗೆ ಅಹಮದಾಬಾದಿಗೆ ಇಲ್ಲ ಅನ್ನಬೇಡಿ."

"ಅಕ್ಕಾ, ಒಂದು ಮಾತು. ತಪ್ಪು ತಮ್ಮದೇ ಅಂತ ಕಂಪನಿಯವರೇ ಬರೆದು ಕೊಡಲಿ. ಕಳಿಸ್ತೇನೆ. ಇಲ್ಲದಿದ್ರೆ ಇಲ್ಲ." ದೋಸೆ ಮಗುಚಿ ಸೇರಿಸಿದರು: "ನೀವು ಹೇಳಿದ್ರಿ ಅಂತ ಅಲ್ಲ. ಅವರೇ ಹೇಳಬೇಕು."

ಕಂಪನಿ ತನ್ನ ತಪ್ಪು ಬರೆದು ಕೊಡುವುದು! ಅದಕ್ಕಿಂತ ಎಮ್ಮೆಯ ಹತ್ತಿರ ಶುಭಾಶಯ ಪತ್ರ ಬರೆಸುವುದು ಸುಲಭ. ಆದರೂ ಆಯಿತು ಅಂದೆ.

ವಡೋದರಾದಲ್ಲಿರುವ ಕಂಪನಿಯ ಕೌಂಟರಿನವರು ಬರೀ ತೆಗೆದುಕೊಂಡು ಕಳಿಸುವವರು. ಷರಾ ಬರೆಯುವುದು ಅಹಮದಾಬಾದಿನ ಸೇವಾ ಕೇಂದ್ರ. ಅಲ್ಲಿಯ ಮ್ಯಾನೇಜರ್ ನನಗೆ ಮೊದಲಿಂದ ಪರಿಚಯ. ಬೆನ್, ಅಂದರೆ ಅಕ್ಕ, ಎಂದು ಕರೆದು ನಗುನಗುತ್ತಲೇ ಇಲ್ಲ ಅನ್ನುವ ಜಾತಿ.

"ಬೆನ್, ನೀವು ಇಷ್ಟು ವರ್ಷದಿಂದ ಲೈನಿನಲ್ಲಿದ್ದೀರಿ. ಅತಿ ಕಡಿಮೆ ದೂರು ಬರುವ ಮಾಡೆಲ್ ಇದು. ಬೇಕಾದರೆ ಕಂಪ್ಯೂಟರಿನಲ್ಲಿ ತೋರಿಸಲಾ?"

"ತೋರಿಸಿ. ಕೀಲು ಮುರಿದ ದೂರು ಎಷ್ಟು?"

"ಕೀಲು ಅದರಲ್ಲಿ ಬರುವುದಿಲ್ಲವಲ್ಲ."

"ಯಾಕೆ ಬರುವುದಿಲ್ಲ?"

"ಅದು ಗಿರಾಕಿ ಮಾಡಿದ ಹಾನಿ. ಯಂತ್ರದ ದೋಷ ಅಲ್ಲ."

"ದೋಷ ಅಲ್ಲ ಅಂತ ಹೇಗೆ ಗೊತ್ತು?"

"ದೋಷ ಆಗಿದ್ದರೆ ಇಷ್ಟು ಕಡಿಮೆ ದೂರು ಇರುತ್ತಿತ್ತಾ, ಬೆನ್?"

ನೋಡಿ ಜಾಣತನ! ಮುರಿದದ್ದನ್ನು ದೂರಿನಲ್ಲಿ ಸೇರಿಸುವುದಿಲ್ಲ, ಯಾಕೆಂದರೆ ಅದು ಗಿರಾಕಿಯ ತಪ್ಪು. ಗಿರಾಕಿಯದೇ ತಪ್ಪು, ಯಾಕೆಂದರೆ ದೂರೇ ಕಡಿಮೆ. ಹಳಸಿದ ಸಾಂಬಾರನ್ನೆಲ್ಲ ಹಿಂಬಾಗಿಲಲ್ಲಿ ಚೆಲ್ಲಿ, ನಮ್ಮ ಹೋಟೆಲಿನಲ್ಲಿ ಸಾಂಬಾರು ಹಳಸಿದ್ದೇ ಇಲ್ಲ ಅಂದ ಹಾಗೆ. ನನಗೆ ನೆತ್ತಿ ಕಾಯಿತು. ಬಿಸಿಗಾಳಿಯ ಕಿಂಡಿ ತೋರಿಸಿದೆ.

"ಗುಜರಾತಿನ ಸೆಕೆ, ಬೆನ್. ಕಂಪನಿ ಏನು ಮಾಡುತ್ತದೆ?"

"ಹಾಗಾದರೆ ಪೆಟ್ಟಿಗೆಯ ಮೇಲೆ ಬರೆಯಿರಿ, ಶಿಮ್ಲಾದಲ್ಲಿ ಮಾತ್ರ ತೆರೆಯತಕ್ಕದ್ದು ಅಂತ."

ಅವನು ನಕ್ಕ. ಆಮೇಲೆ ನಗುತ್ತಲೇ ಕುಟುಕಿದ. "ಕೀಲು ಹೋದ ಯಂತ್ರಗಳು ಬರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಒಳಗೆಲ್ಲ ಅಂಟು! ಅಂಗಡಿಯವರು ಬಿಚ್ಚಿದ್ದನ್ನು ನಾವು ಹೇಗೆ ನೋಡುವುದು?" ಯಾವ ಅಂಗಡಿ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸ್ಯಾಟಲೈಟ್‌ನಲ್ಲೇ ಒಂದು ವಸತಿ ಸೊಸೈಟಿಯಲ್ಲಿ ಮೈಸೂರು ಕಡೆಯ ನಿವೃತ್ತ ವಿಜ್ಞಾನಿಯೊಬ್ಬರಿದ್ದಾರೆ. ಕೇಂದ್ರ ಸರ್ಕಾರದ ಸಂಶೋಧನೆಯಲ್ಲಿದ್ದವರು. ಅವರಿಗೂ ಇದೇ ಮಾಡೆಲ್ ಕೊಟ್ಟಿದ್ದೆ. ಮೇಜು ಬಿಟ್ಟು ಕದಲದ ಯಂತ್ರ ಅದು. ಅದೊಂದು ಗಟ್ಟಿಯಾಗಿದ್ದರೆ ತಪ್ಪು ನಿಜವಾಗಿ ಗಿರಾಕಿಗಳದೇ ಇರಬಹುದೋ ಏನೋ ಎಂದು ನೋಡಲು ಹೋದೆ. ಪರದೆಯ ಬೆನ್ನಿಗೆ ದಪ್ಪ ದಪ್ಪ ನಿಘಂಟುಗಳು ಆನಿಕೊಂಡಿದ್ದವು.

"ಇದೇನು ಸರ್?"

"ಅಯ್ಯೋ, ಮುಚ್ಚಳ ನಿಲ್ತಾ ಇಲ್ಲಮ್ಮ. ನಂದೇ ತಪ್ಪಿರಬೇಕು. ವಯಸ್ಸಾಯ್ತು, ಕೈ ನಡುಗುತ್ತೆ. ನಿಮಗೆ ಹೇಳೋಕೂ ನಾಚಿಕೆ ಆಯ್ತು." ಬಲಗಡೆ ನೋಡಿದೆ. ಅದೇ ಬಾಯಿ.

ನನ್ನ ಸಿಟ್ಟು ಏರಿದ್ದು ಅಲ್ಲಿ. ಜೀವಮಾನವಿಡೀ ಸೂಕ್ಷ್ಮ ಉಪಕರಣ ಹಿಡಿದ ಕೈ, ಒಂದು ಕೆಟ್ಟ ಪ್ಲಾಸ್ಟಿಕ್ಕಿಗಾಗಿ ತನ್ನನ್ನೇ ಬೈದುಕೊಳ್ಳುತ್ತಿತ್ತು. ಎಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಎಲ್ಲ ಮುರೀತವೆ ಅಂತೀರಲ್ಲ, ಮುರಿದೋವು ತಾನೇ ನಿಮ್ಮ ಹತ್ರ ಬರೋದು? ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು ಊರಿಗೆಲ್ಲ ಜ್ವರ ಅಂದ ಹಾಗಾಯ್ತು. ಯಾರು ದೂರು ಕೊಟ್ಟಿಲ್ವೋ ಅವರ ಮನೆಗೆ ಹೋಗಿ ನೋಡಿ. ಅಲ್ಲೆಲ್ಲ ಗಟ್ಟಿಯಾಗಿದ್ರೆ ಆ ಮ್ಯಾನೇಜರ್ ಹೇಳೋದೇ ಸರಿ."

ಚೌಕಾಸಿಗೆ ಇಳಿದವರಿಗೆ ನನ್ನ ಸಲಹೆ ಇದು: ಎದುರಾಳಿ ಕೇಳಬಹುದಾದ ಪ್ರಶ್ನೆಯನ್ನು ಮೊದಲು ನಿಮ್ಮ ಕಡೆಯವರಿಂದಲೇ ಕೇಳಿಸಿಕೊಳ್ಳಿ.

ದೂರೇ ಕೊಡದ ಗಿರಾಕಿ ಎಂದರೆ ಸೂರತ್ತಿನ ಕತಾರ್‌ಗಾಮ್‌ನ ಶೇಠ್. ವಜ್ರ ಕೊರೆಯುವ ಕಾರ್ಖಾನೆ. ಕಚ್ಚಾ ಕಲ್ಲನ್ನು ಎಲ್ಲಿ ಕೊಯ್ಯಬೇಕೆಂದು ಕಂಪ್ಯೂಟರಿನಲ್ಲಿ ಗೆರೆ ಹಾಕುವ ಕೋಣೆಗೆ ಈ ಮಾಡೆಲನ್ನೇ ಒಟ್ಟಿಗೆ ಕೊಂಡಿದ್ದರು. ಕೊಂಡ ಮೇಲೆ ಒಂದು ಫೋನೂ ಇಲ್ಲ. ಹೋಗುವ ದಾರಿಯುದ್ದಕ್ಕೂ ಅವು ಗಟ್ಟಿಯಿರಲಿ ಎಂದು ವ್ಯಾಪಾರಿಯ ಮನಸ್ಸು ಬೇಡುತ್ತಿತ್ತು, ಮುರಿದಿರಲಿ ಎಂದು ಹುಡುಗಿಯ ಪರವಾಗಿ ಇನ್ನೊಂದು ಮನಸ್ಸು.

ಬಾಗಿಲಿನಿಂದ ನೋಡಿದರೆ ಸಾಲು ಸಾಲು ಪರದೆ, ಎಲ್ಲ ಸುಸೂತ್ರ. ಹತ್ತಿರ ಹೋದೆ. ವಜ್ರದ ಪೊಟ್ಟಣಕ್ಕೆ ಹಾಕುವ ರಬ್ಬರ್ ಬ್ಯಾಂಡುಗಳಿರುತ್ತವಲ್ಲ, ಅವನ್ನು ಮೂಲೆಗೆ ಸುತ್ತಿ ಮುಚ್ಚಳವನ್ನು ಹಿಡಿಸಿದ್ದರು. ಕೆಲವಕ್ಕೆ ಹಿಂದಿನಿಂದ ಮರದ ತುಂಡು. ಒಂದರ ಮುಚ್ಚಳಕ್ಕೆ ದಾರ ಕಟ್ಟಿ ಗೋಡೆಯ ಮೊಳೆಗೆ ನೇತು ಹಾಕಿದ್ದರು, ಕರುವನ್ನು ಕಟ್ಟಿದ ಹಾಗೆ. ರಬ್ಬರ್ ಇಲ್ಲದ್ದು ಹುಡುಕಬೇಕಾಯಿತು. ಅವುಗಳಲ್ಲೂ ಹೆಚ್ಚಿನವಕ್ಕೆ ಬಲಗಡೆ ಕೂದಲೆಳೆಯ ಬಿರುಕು ಬಂದಾಗಿತ್ತು.

"ಭಾಯ್, ಫರಿಯಾದು ಯಾಕೆ ಕೊಡಲಿಲ್ಲ?" ಅಲ್ಲಿ ಕೂತು ಗೆರೆ ಹಾಕುತ್ತಿದ್ದವನನ್ನು ಕೇಳಿದೆ.

"ಫರಿಯಾದು ಎಂಥದು ಬೆನ್? ಲ್ಯಾಪ್‌ಟಾಪ್ ಅಂದರೆ ಹೀಗೇ ಅಲ್ಲವಾ? ಚಾಲ್ಶೆ."

ಚಾಲ್ಶೆ. ನಡೆಯುತ್ತದೆ. ಈ ಗುಜರಾತಿ ಮಾತು ನನಗೂ ಇಷ್ಟ, ಅರ್ಧ ವ್ಯಾಪಾರ ನಡೆಯುವುದೇ ಅದರ ಮೇಲೆ. ಆದರೆ ಅವತ್ತು ಮೈ ಉರಿಯಿತು. ಒಂದು ದೋಷ ಎಷ್ಟು ಮಾಮೂಲಿಯಾದರೆ ಜನ ಅದನ್ನು ದೋಷ ಅನ್ನುವುದನ್ನೇ ಬಿಡುತ್ತಾರೆ! ಇಲ್ಲಿ ಚಾಲ್ಶೆ, ಅಲ್ಲಿ ವಯಸ್ಸಾಯ್ತು, ಫತೇಗಂಜಿನಲ್ಲಿ ಮಗಳಿಗೆ ಜವಾಬ್ದಾರಿ ಇಲ್ಲ. ಕಂಪನಿಗೆ ಇನ್ನೇನು ಬೇಕು?

ಶೇಠ್ ಒಂದು ಯಂತ್ರವನ್ನು ದೀಪದ ಕೆಳಗೆ ಹಿಡಿದು, ಅಭ್ಯಾಸದಂತೆ ಭೂತಗನ್ನಡಿ ಕಣ್ಣಿಗೆ ಇಟ್ಟುಕೊಂಡರು. "ಪೆಟ್ಟು ಬಿದ್ದರೆ ಬಿರುಕು ಹೊರಗಿನಿಂದ ಒಳಗೆ ಹೋಗುತ್ತದೆ. ಇದು ಒಳಗಿಂದ ಹೊರಗೆ ಬಂದಿದೆ." ಭೂತಗನ್ನಡಿ ಇಳಿಸಿ ನನ್ನನ್ನು ನೋಡಿದರು. "ನಾನು ಒಂದೊಂದು ಕಲ್ಲೂ ಹೀಗೆ ನೋಡಿ ಕೊಳ್ಳುತ್ತೇನೆ, ಬೆನ್. ನೀವು ನೋಡದೇ ಮಾರುತ್ತೀರಾ?"

ನಾನು ನೇರ ಕೆಲಸದ ಮಾತಿಗೆ ಇಳಿದೆ. "ಶೇಠ್, ಮುರಿದವನ್ನೆಲ್ಲ ನನಗೆ ಕೊಡಿ. ಅಹಮದಾಬಾದಿನಲ್ಲಿ ತೋರಿಸಿ ತರುತ್ತೇನೆ."

"ಕೊಟ್ಟು ನಾನು ಭಜನೆ ಮಾಡಲಾ? ಗೆರೆ ಬೀಳದೆ ಒಂದು ಕಲ್ಲೂ ಕೊಯ್ಯುವ ಚಕ್ರಕ್ಕೆ ಹೋಗುವುದಿಲ್ಲ."

"ಬದಲಿಗೆ ನನ್ನ ಅಂಗಡಿಯ ಬೇರೆ ಯಂತ್ರಗಳನ್ನು ಕಳಿಸುತ್ತೇನೆ. ಜಾಂಗಡ್ ಮೇಲೆ."

ಶೇಠ್ ನಕ್ಕುಬಿಟ್ಟರು. ಜಾಂಗಡ್ ಎಂದರೆ ಅವರದೇ ಪೇಟೆಯ ಪದ್ಧತಿ. ಮಾರದೆ, ಬರೀ ನಂಬಿಕೆಯ ಮೇಲೆ ವಜ್ರವನ್ನು ಇನ್ನೊಬ್ಬರ ಕೈಗೆ ಕೊಡುವುದು, ಬೇಡವಾದರೆ ಹಾಗೇ ವಾಪಸು. "ನಮ್ಮ ಔಷಧಿ ನಮಗೇ ಕುಡಿಸುತ್ತೀರಿ! ಆಯಿತು. ಆದರೆ ನಿಮ್ಮವು ಬಂದು ಚಾಲೂ ಆದ ಮೇಲೆ ನಮ್ಮವು ಹೊರಡುವುದು."

ಮಾರಲು ಇಟ್ಟಿದ್ದ ಮಾಲೆಲ್ಲ ಸೂರತ್ತಿಗೆ ಹೋಯಿತು. ಅಂಗಡಿಯ ಕಪಾಟು ಖಾಲಿ. ಅದರ ಮೇಲೆ, ಅಂಟು ಹಚ್ಚುವುದಿಲ್ಲ ಎಂದದ್ದಕ್ಕೆ ಹಳೇ ಗಿರಾಕಿಗಳು ಮುನಿಸಿಕೊಂಡರು. ಒಬ್ಬ ಹೇಳಿಯೇಬಿಟ್ಟ: "ನಿಮಗೀಗ ಕೊಬ್ಬು ಬಂದಿದೆ." ಬರಲಿ ಅಂದುಕೊಂಡೆ.

ತಿಂಗಳು ಮುಗಿಯುವ ವಾರ, ಸೂರತ್ತಿನಿಂದ ಬಂದವನ್ನೂ ಹಿಂದೆ ನಾನು ಅಂಟು ಹಚ್ಚಿದ್ದ ಕೆಲವನ್ನೂ ಆಟೋಗಳಲ್ಲಿ ಹೇರಿ ಸೇವಾ ಕೇಂದ್ರಕ್ಕೆ ಹೋದೆ. ವಡೋದರಾದಿಂದ ಹುಡುಗಿ ತನ್ನ ಯಂತ್ರವನ್ನು ಎದೆಗೊತ್ತಿಕೊಂಡು ಬಂದಿದ್ದಳು. ವಿಜ್ಞಾನಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗೆ ಬಂದವರ ಹಾಗೆ ಮುಂದಿನ ಕುರ್ಚಿಯಲ್ಲಿ ಕೂತರು. ಕೌಂಟರು, ಕುರ್ಚಿ, ಕಿಟಕಿಯ ಕಟ್ಟೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಯಂತ್ರಗಳನ್ನು ತೆರೆದು, ಬಲಗಡೆ ಎದುರಾಗುವಂತೆ ಜೋಡಿಸಿದೆವು. ಬೇರೆ ಕೆಲಸಕ್ಕೆ ಬಂದ ಗಿರಾಕಿಗಳು ಎದ್ದು ಬಂದು ನೋಡತೊಡಗಿದರು. ಒಬ್ಬಾಕೆ ತನ್ನ ಬ್ಯಾಗಿನಿಂದ ತನ್ನದನ್ನೂ ತೆಗೆದು ಸಾಲಿನ ಕೊನೆಗೆ ಇಟ್ಟಳು. ಅದೂ ಬಲಗಡೆಯೇ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ. "ಬೆನ್, ಜನರೆದುರು ಯಾಕೆ? ಹುಡುಗಿಗೆ ಹೊಸದು ಕೊಟ್ಟುಬಿಡುತ್ತೇನೆ, ಇವತ್ತೇ. ನಿಮ್ಮ ಮುಖ ನೋಡಿ, ವಿಶೇಷ ಸೌಜನ್ಯ ಅಂತ ಬರೆದು."

ನಿಜ ಹೇಳಬೇಕೆಂದರೆ, ಬೇರೆ ದಿನವಾಗಿದ್ದರೆ ಕೈ ಕುಲುಕಿ ಬಂದಿರುತ್ತಿದ್ದೆ. ಸಿಕ್ಕಿದ್ದನ್ನು ಕಟ್ಟಿಕೊಂಡು ಹೊರಡಬೇಕು ಎನ್ನುವುದೇ ನನ್ನ ಕಸುಬಿನ ನಿಯಮ. ಆದರೆ ಸೌಜನ್ಯ ಎಂದರೆ ಏನರ್ಥ? ತಪ್ಪು ನಿನ್ನದೇ, ಪಾಪ ಅಂತ ಕೊಟ್ಟಿದ್ದೇವೆ ಎಂದು. ಆ ಕಾಗದ ಹಿಡಿದು ಹುಡುಗಿ ಅಪ್ಪನೆದುರು ನಿಂತರೆ ಅವಳ ಕೈಯಲ್ಲಿ ಲ್ಯಾಪ್‌ಟಾಪ್ ಹೊಸದಿರುತ್ತದೆ, ಹೆಸರು ಹಳೇದೇ.

"ಸೌಜನ್ಯ ಬೇಡ. ಬರೆದದ್ದನ್ನು ಹೊಡೆದು ಹಾಕಿ, ತಯಾರಿಕೆಯ ದೋಷ ಅಂತ ಬರೆಯಿರಿ."

"ಅದು ನನ್ನ ಕೈಯಲ್ಲಿಲ್ಲ."

"ಒಂದು ಕೇಳುತ್ತೇನೆ. ಹೋಟೆಲಿನಲ್ಲಿ ದಿನಾ ಪಿಂಗಾಣಿ ತಟ್ಟೆ ಒಡೆಯುತ್ತವೆ. ಒಂದು ಅಂಚಿನಲ್ಲಿ, ಒಂದು ನಡುವೆ, ಒಂದು ಚೂರುಚೂರು. ಎಲ್ಲ ತಟ್ಟೆಯೂ ಒಂದೇ ಜಾಗದಲ್ಲಿ ಒಡೆದರೆ ನೀವು ಪಾತ್ರೆ ತೊಳೆಯುವವನನ್ನು ಬೈಯುತ್ತೀರಾ, ತಟ್ಟೆ ಮಾಡಿದವನನ್ನಾ? ಇಷ್ಟು ಊರು, ಇಷ್ಟು ಕೈ. ಎಡಗಡೆ ಮುರಿದದ್ದು ಒಂದು ತೋರಿಸಿ, ನಾನು ಎದ್ದು ಹೋಗುತ್ತೇನೆ."

ಅವನು ಸಾಲಿನ ಕಡೆ ನೋಡಿದ. ತೋರಿಸಲಿಲ್ಲ. ವಿಜ್ಞಾನಿ ಕುರ್ಚಿಯಿಂದಲೇ, ಬಹಳ ಮರ್ಯಾದೆಯಿಂದ, ಹಿಂದಿಯಲ್ಲಿ ಕೇಳಿದರು: "ನನ್ನದನ್ನು ನಾನು ಹೇಗೆ ಮುರಿದೆ ಎಂದು ದಯವಿಟ್ಟು ಬರೆದು ಕೊಡಿ. ತಿಳಿದುಕೊಳ್ಳುವ ಆಸೆ. ಕಾಯುತ್ತೇನೆ, ನನಗೆ ಬೇರೆ ಕೆಲಸವಿಲ್ಲ."

"ಸರ್ ಮಾತ್ರ ಅಲ್ಲ," ಅಂದೆ. "ಒಂದೊಂದನ್ನೂ ಬೇರೆ ಬೇರೆ ದಾಖಲು ಮಾಡಿ. ಒಂದೊಂದಕ್ಕೂ ಹೇಗೆ ಮುರಿಯಿತು ಅಂತ ಬರೆದು, ಸಹಿ ಹಾಕಿ. ಸೂರತ್ತಿನ ಶೇಠರು ತಮ್ಮವಕ್ಕೆಲ್ಲ ಬರಹದಲ್ಲೇ ಉತ್ತರ ಕೇಳಿದ್ದಾರೆ."

ಮ್ಯಾನೇಜರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನಾಚೆ ಫೋನು ಹಿಡಿದು ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಕೈ ಬೀಸಿದ, ಹಣೆ ಉಜ್ಜಿದ, ಕೂತ, ಮತ್ತೆ ಎದ್ದ. ಹೊರಗೆ ಬಂದಾಗ ನಗು ಇರಲಿಲ್ಲ. ಅವನನ್ನು ನಾನು ಮೊದಲ ಸಲ ನಂಬಿದ್ದು ಆಗ.

"ಬಿಚ್ಚದೇ ಇರುವವಕ್ಕೆ ಮಾತ್ರ. ತಯಾರಿಕೆಯ ದೋಷ ಅಂತ ಬರೆಯುತ್ತೇನೆ. ಆದರೆ ಇವಿಷ್ಟಕ್ಕೇ, ಬೆನ್. ನಾಳೆ ಬರುವವಕ್ಕೆ ಹಳೇ ನಿಯಮವೇ. ಮೇಲಿನವರ ಮಾತು."

ಅಂದರೆ ದೋಷ ಉಂಟು, ಆದರೆ ಇವತ್ತು ಕೌಂಟರಿನ ಮೇಲೆ ಇರುವವಕ್ಕೆ ಮಾತ್ರ ಉಂಟು! ಜಗಳ ಕಾಯ್ದೆ, ಅದಕ್ಕಿಂತ ಮುಂದೆ ಒಂದು ಕೂದಲೂ ಸರಿಯಲಿಲ್ಲ. ನಾನು ಅಂಟು ಹಚ್ಚಿದವನ್ನು ಅವರು ಮುಟ್ಟಲೂ ಇಲ್ಲ. ಆ ಗಿರಾಕಿಗಳಿಗೆ ನಾನೇ ಏನಾದರೂ ದಾರಿ ಮಾಡಬೇಕು, ಮಾಡುತ್ತಿದ್ದೇನೆ. ಅದಕ್ಕೇ ಓದುವವರಿಗೆ ಹೇಳುವುದು: ವಾರಂಟಿ ಇರುವಷ್ಟು ದಿನ ನನ್ನಂಥವರ ಕೈಗೆ ಯಂತ್ರ ಕೊಡಬೇಡಿ, ನಾವು ಎಷ್ಟೇ ಒಳ್ಳೆಯವರಾಗಿರಲಿ. ಮುರಿದ ಕೂಡಲೇ ಫೋಟೊ ತೆಗೆಯಿರಿ. ಬಾಯಿಮಾತಿಗೆ ತಲೆಯಾಡಿಸಿ ಬರಬೇಡಿ, ಬರೆಸಿಕೊಳ್ಳಿ. ಮತ್ತು ನಿಮ್ಮ ಕೈಯನ್ನು ನೀವೇ ಬೈದುಕೊಳ್ಳುವ ಮೊದಲು ಪಕ್ಕದವರದನ್ನು ಒಂದು ಸಲ ತಿರುಗಿಸಿ ನೋಡಿ.

ಹುಡುಗಿಯ ಜೊತೆ ನಾನೇ ಫತೇಗಂಜಿಗೆ ಹೋದೆ. ಮಧ್ಯಾಹ್ನದ ಗಲಾಟೆ ಇಳಿದಿತ್ತು. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ಕಾಗದ ಹಿಡಿದರು. ಹಿಂದೆ ಬರೆದದ್ದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಹೊಸ ಷರಾ, ಸೀಲು, ಸಹಿ. ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಮಗಳ ಮುಖ ನೋಡಲಿಲ್ಲ. ಪೆಟ್ಟಿಗೆಯಿಂದ, ಕಂಪನಿ ಬದಲಿಗೆ ಕೊಟ್ಟ ಹೊಸ ಲ್ಯಾಪ್‌ಟಾಪನ್ನು ತೆಗೆದು, ಇಡ್ಲಿ ಪಾತ್ರೆಯ ಮುಚ್ಚಳ ಎತ್ತುವ ಹಾಗೆ ಎರಡೂ ಕೈಯಿಂದ ಜೋಪಾನವಾಗಿ ತೆರೆದರು. ಕೆಳಗಿನ ಭಾಗವೂ ಜೊತೆಗೆ ಮೇಲೆದ್ದಿತು.

"ಇದು ಬೇರೆ ಮಾಡೆಲಾ?"

"ಸೇಮ್, ಪಪ್ಪ. ಬೇರೆ ಕೊಡೋದಿಲ್ಲ ಅಂದ್ರು," ಹುಡುಗಿ ಹೇಳಿದಳು. "ಇದೂ ಟೂಟ್ತದೆ."

"ಬಲಗಡೆಯಾ?"

"ಬಲಗಡೆನೇ."

ಅವರು ಮುಚ್ಚಳ ಹಾಕಿದರು. ಬಲಗಡೆಯ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಕಾವಲಿಯ ಕಡೆ ತಿರುಗಿ ನೀರು ಚಿಮುಕಿಸಿದರು.

"ಅಹಮದಾಬಾದಿನಲ್ಲಿ ನೀನು ಇರುವ ಜಾಗಕ್ಕೂ ಆ ಸರ್ವಿಸಿನವರಿಗೂ ಎಷ್ಟು ದೂರ?"

"ಗೊತ್ತಿಲ್ಲ ಪಪ್ಪ. ಆಟೋ ಸಿಗ್ತದೆ."

"ಮುರಿದ ದಿನ ಫೋನ್ ಮಾಡು. ಒಬ್ಬಳೇ ಹೋಗಬೇಡ," ಅಂದರು, ಹಿಟ್ಟು ಹುಯ್ಯುತ್ತ. "ಈ ಸಲ ನಾನು ಬರ್ತೇನೆ."